ಜಾಲರಿಗೆ ಹೊಲಿಗೆಯೇ, ಅಂಟೇ?

ಪ್ರಶ್ನೆ: ನನಗೆ 52 ವರ್ಷ. ಬದಿಯಡ್ಕದ ಹತ್ತಿರ ಅಡಿಕೆ ತೋಟವಿದೆ. ಬಲ ತೊಡೆಸಂದಿನಲ್ಲಿ ಹರ್ನಿಯಾ, ಅಂದರೆ ಹೊಟ್ಟೆಗೋಡೆಯ ರಂಧ್ರದಿಂದ ಒಳಗಿನದು ಹೊರಚಾಚಿ ಗಂಟಾಗಿದೆ. ಕಾಸರಗೋಡಿನ ವೈದ್ಯರು ತೆರೆದ ಶಸ್ತ್ರಚಿಕಿತ್ಸೆ ಮಾಡಿ, ರಂಧ್ರ ಮುಚ್ಚುವ ಬಲೆಯಂಥ ಜಾಲರಿಯನ್ನು ಹೊಲಿಯುತ್ತೇವೆ ಎಂದರು. ಮಂಗಳೂರಿನವರು ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ತೂತುಗಳಿಂದ ಕ್ಯಾಮೆರಾ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆ) ಜಾಲರಿಗೆ ಹೊಲಿಗೆ, ಅದನ್ನು ಬಿಗಿಯುವ ಸಣ್ಣ ಮೊಳೆ ಏನೂ ಬೇಡ ಎಂದರು. ಅಂಟು ಹಚ್ಚಿಸಿಕೊಳ್ಳುವುದೇ ಒಳ್ಳೆಯದೆಂದು ಭಾವ ಹೇಳುತ್ತಾರೆ. ಕಟ್ಟದೆ ಬಿಟ್ಟರೆ ಜಾಲರಿ ಜಾರುವುದಿಲ್ಲವೇ?

ಉತ್ತರ: ಒಳ್ಳೆಮೆಣಸಿನ ಬಳ್ಳಿಯನ್ನು ಅಡಿಕೆ ಮರಕ್ಕೆ ಕಟ್ಟುತ್ತೀರಲ್ಲ, ಆ ಹಗ್ಗ ಎಲ್ಲಿಯವರೆಗೆ ಬೇಕು? ಬೇರು ಮರವನ್ನು ಹಿಡಿಯುವವರೆಗೆ. ಜಾಲರಿಯದೂ ಅದೇ ಕಥೆ. ಕೆಲವು ವಾರಗಳಲ್ಲಿ ನಿಮ್ಮದೇ ಅಂಗಾಂಶ ಅದರ ಕಣ್ಣುಗಳೊಳಗೆ ಬೆಳೆದು ಹಿಡಿದುಕೊಳ್ಳುತ್ತದೆ.

ಲ್ಯಾಪರೊಸ್ಕೋಪಿಯಲ್ಲಿ ಜಾಲರಿ ಕೂರುವುದು ಸ್ನಾಯುವಿನ ಹಿಂದೆ, ಹೊಟ್ಟೆಯ ಒಳಪದರದ ಮುಂದೆ. ಕೆಮ್ಮಿದಾಗ ಒಳಗಿನ ಒತ್ತಡವೇ ಅದನ್ನು ಗೋಡೆಗೆ ಅದುಮುತ್ತದೆ. ಸುಮಾರು 10×15 ಸೆಂಟಿಮೀಟರ್ ಜಾಲರಿ ಮಡಿಕೆಯಿಲ್ಲದೆ ಹರಡಿದ್ದರೆ ಹೆಚ್ಚಿನವರಿಗೆ ಮೊಳೆ ಬೇಕಿಲ್ಲ. ಹರ್ನಿಯಾ ಚಿಕಿತ್ಸೆಯ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಅಭಿಪ್ರಾಯವೂ ಹೆಚ್ಚು ಕಡಿಮೆ ಇದೇ. ಹರ್ನಿಯಾದ ರಂಧ್ರ ದೊಡ್ಡದಿದ್ದು, ಕರುಳು ನೇರವಾಗಿ ಮುಂದಕ್ಕೆ ತಳ್ಳುವ ಬಗೆಯದಾಗಿದ್ದರೆ ಮಾತ್ರ ಜಾಲರಿಯನ್ನು ಬಿಗಿ ಮಾಡುವುದು ಕ್ಷೇಮ. ಮೊಳೆಗೆ ನನ್ನ ತಕರಾರು ಬೇರೆ: ತೊಡೆಗೆ ಹೋಗುವ ನರಗಳ ಮೇಲೆ ಒಂದು ತಪ್ಪಿ ಬಿದ್ದರೂ ತಿಂಗಳುಗಟ್ಟಲೆ ಉರಿ. ನುರಿತವರು ಆ ಜಾಗಕ್ಕೆ ಮೊಳೆ ಹೊಡೆಯುವುದೇ ಇಲ್ಲ.

ತೆರೆದ ವಿಧಾನದಲ್ಲಿ ಜಾಲರಿ ಸ್ನಾಯುವಿನ ಮುಂದಿರುತ್ತದೆ, ಒಳಗಿನ ಒತ್ತಡ ಅದನ್ನು ಗೋಡೆಗೆ ಅದುಮುವುದಿಲ್ಲ. ಹಾಗಾಗಿ ಅಲ್ಲಿ ಏನಾದರೊಂದು ಹಿಡಿತ ಬೇಕು. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ದಾರದ ಹೊಲಿಗೆ ಹಳೆಯ, ಅಗ್ಗದ, ನಂಬಿಕೆಯ ದಾರಿ. ಅಂಟಿನಿಂದ ಮೊದಲ ದಿನಗಳ ನೋವು ತುಸು ಕಡಿಮೆಯಾಗಬಹುದು. ಹರ್ನಿಯಾ ಮರುಕಳಿಸುವ ವಿಷಯದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಭಾವ ಹೇಳಿದ್ದು ಪೂರ್ತಿ ತಪ್ಪಲ್ಲ, ಆದರೆ ಅದಕ್ಕಾಗಿ ಸಾಲ ಮಾಡಬೇಡಿ. ತನ್ನಷ್ಟಕ್ಕೇ ಕಚ್ಚಿಕೊಳ್ಳುವ, ಸಣ್ಣ ಕೊಕ್ಕೆಗಳಿರುವ ಜಾಲರಿಯೂ ಇದೆ, ಬೆಲೆ ಹೆಚ್ಚು.

ಆದ್ದರಿಂದ ಇಬ್ಬರು ವೈದ್ಯರೂ ಸರಿಯೇ. ನೀವು ಕೇಳಬೇಕಾದ್ದು ಬೇರೆ: ಈ ಶಸ್ತ್ರಚಿಕಿತ್ಸೆಯನ್ನು ವರ್ಷಕ್ಕೆ ಎಷ್ಟು ಮಾಡುತ್ತೀರಿ? ನರಗಳನ್ನು ಗುರುತಿಸಿ ಕಾಪಾಡುತ್ತೀರಾ? ಏಣಿ ಹತ್ತುವುದು, ಗೋಣಿ ಹೊರುವುದು ಎಂದಿನಿಂದ ಎಂಬುದನ್ನೂ ಅವರಿಂದಲೇ ತಿಳಿಯಿರಿ.

ಅಷ್ಟರೊಳಗೆ ಗಂಟು ಒಳಗೆ ಹೋಗದೆ ಗಟ್ಟಿಯಾಗಿ, ನೋವು ಮತ್ತು ವಾಂತಿ ಶುರುವಾದರೆ ಕೊಯ್ಲು ಮುಗಿಯಲಿ ಎಂದು ಕಾಯಬೇಡಿ. ಆ ಕ್ಷಣವೇ ಹತ್ತಿರದ ಆಸ್ಪತ್ರೆಗೆ ಹೋಗಿ.