ನಿಂತ ಬೈಕು, ಇ20 ಪೆಟ್ರೋಲು, ಊರಿನ ಕಬ್ಬು

ಅಣ್ಣಾ, ಮೂರು ಪ್ರಶ್ನೆ ಒಟ್ಟಿಗೆ ಕೇಳಿದ್ದೀರಿ. 2012ರ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಬೈಕಿಗೆ ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್, ಆಗುತ್ತಾ? ಅದನ್ನು ಮಾರಿ ಸಿಎನ್‌ಜಿ ಬೈಕ್ ತಗೊಳ್ಳಬೇಕಾ? ಎಥನಾಲನ್ನು ಕಬ್ಬಿನಿಂದಲೂ ಮಾಡುತ್ತಾರಲ್ಲ, ಅದನ್ನು ನಂಬಿ ಅಥಣಿಯಲ್ಲಿರುವ ನಿಮ್ಮ ತಮ್ಮ ಇನ್ನೆರಡು ಎಕರೆ ಕಬ್ಬು ಹಾಕಬಹುದಾ? ಪುಣೆಯ ಭೋಸರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಪಾನಾ ಹಿಡಿದ ಮೆಕ್ಯಾನಿಕ್ ನಾನು. ಮೊದಲನೆಯದಕ್ಕೇ ಜಾಸ್ತಿ ಬರೆಯುತ್ತೇನೆ.

ಮೈಲೇಜ್ 50ರಿಂದ 40ಕ್ಕೆ ಇಳಿಯಿತು, ಇ20ಯಿಂದಲೇ ಅಂತ ಬರೆದಿದ್ದೀರಿ. ಲೆಕ್ಕ ಕೂಡುವುದಿಲ್ಲ. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ನೂರಕ್ಕೆ 20 ಬೆರೆಸಿದರೆ ಒಟ್ಟು ನಷ್ಟ 6-7 ಪಾಲು. ಅದೂ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ. 2022ರಿಂದಲೇ ನಾವು ಹಾಕಿಸುತ್ತಿದ್ದದ್ದು ಹತ್ತು ಪಾಲು ಬೆರೆಸಿದ್ದು, ಅಲ್ವಾ? ಅಂದರೆ 50 ಇದ್ದದ್ದು 48 ಆಗಬೇಕು. ಉಳಿದ ಎಂಟು ಕಿಲೋಮೀಟರ್ ಏರ್ ಫಿಲ್ಟರಿನಲ್ಲೋ, ಬ್ರೇಕ್ ಹಿಡಿದ ಹಿಂದಿನ ಚಕ್ರದಲ್ಲೋ ಕೂತಿದೆ. ಮೊದಲು ಅದನ್ನು ನೋಡಿಸಿ.

ನಿಜವಾದ ತೊಂದರೆ ಗಾಡಿ ನಿಂತಾಗ. ನೀವು ಚಾಕಣಕ್ಕೆ ಕಂಪನಿ ಬಸ್ಸಲ್ಲಿ ಹೋಗುತ್ತೀರಿ, ಮಳೆಗಾಲ ಪೂರ್ತಿ ಬೈಕಿಗೆ ಕವರ್ ಹಾಕಿಟ್ಟಿರುತ್ತೀರಿ. ಹೋದ ವರ್ಷ ದೀಪಾವಳಿ ಮುಂಚೆ ಹೀಗೇ ಒಂದು ಹಳೆ ಸ್ಕೂಟರ್ ಬಂತು. ಜೂನ್‌ನಿಂದ ಸ್ಟಾರ್ಟ್ ಮಾಡಿರಲಿಲ್ಲ. ಕಾರ್ಬೊರೇಟರ್ ಬೌಲ್ (ಪೆಟ್ರೋಲ್ ನಿಲ್ಲುವ ಬಟ್ಟಲು) ಬಿಚ್ಚಿದರೆ ತಳದಲ್ಲಿ ಹಸಿರು-ಬಿಳಿ ಪುಡಿ, ಹಂಡೆಗೆ ಕಿಟ್ಟ ಹಿಡಿದ ಹಾಗೆ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಪೈಲಟ್ ಜೆಟ್ಟನ್ನು ಬಲ್ಬಿಗೆ ಹಿಡಿದರೆ ಒಂದು ಚುಕ್ಕೆ ಬೆಳಕೂ ಹಾಯಲಿಲ್ಲ. ಸೋರದಂತೆ ತಡೆಯುವ ರಬ್ಬರ್ ಬಳೆ, ಓ-ರಿಂಗ್, ತೆಗೆದೆ. ಮತ್ತೆ ಕೂರಿಸಲು ಹೋದರೆ ಉಬ್ಬಿ ಉದ್ದವಾಗಿತ್ತು, ತನ್ನ ಕಚ್ಚಿನಲ್ಲೇ ಕೂರಲಿಲ್ಲ. ಹಳೆ ಕಾಲದ ರಬ್ಬರ್ ಎಥನಾಲ್ ಹೀರಿದರೆ ಹೀಗೇ ಆಗುತ್ತದೆ.

ಇನ್ನೊಂದು ಶತ್ರು ನೀರು. ಟ್ಯಾಂಕಿನಲ್ಲಿ ನೂರಕ್ಕೆ ಒಂದು ಪಾಲು ನೀರು ಸೇರಿದರೆ ಸಾಕು, ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಇಂಜಿನ್ ಮೊದಲು ಎಳೆಯುವುದು ಅದನ್ನೇ. ಬೇಕಾದರೆ ನೀವೇ ನೋಡಿ: ಗೆರೆ ಇರುವ ಗಾಜಿನ ಅಳತೆ ಜಾಡಿಯಲ್ಲಿ 10 ಮಿಲಿ ನೀರು, 90 ಮಿಲಿ ಪೆಟ್ರೋಲ್ ಹಾಕಿ ಕುಲುಕಿ ಇಡಿ. ಹತ್ತು ನಿಮಿಷದಲ್ಲಿ ಕೆಳಗಿನ ಪದರ 10ರಿಂದ 25 ದಾಟಿರುತ್ತದೆ. ಹೆಚ್ಚಾದದ್ದು ಎಥನಾಲ್. ಬಯಲಲ್ಲಿ ಮಾಡಿ, ಅಡುಗೆಮನೆಯಲ್ಲಿ ಮಾಡಿ ಅತ್ತಿಗೆಯಿಂದ ಬೈಸಿಕೊಳ್ಳಬೇಡಿ.

ಹಾಗಾಗಿ ಟ್ಯಾಂಕ್ ಮುಚ್ಚಳದ ರಬ್ಬರ್, ಪೆಟ್ರೋಲ್ ಪೈಪ್, ಕಾಕ್ (ಪೆಟ್ರೋಲ್ ಬಿಡುವ ನಲ್ಲಿ) ವಾಷರ್, ಬೌಲ್ ರಿಂಗ್, ಈ ನಾಲ್ಕನ್ನೂ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ವೈಟಾನ್ ಅಂತ ಕೇಳಿದರೆ ಅಂಗಡಿಯಲ್ಲಿ ಕೊಡುತ್ತಾರೆ. ಎರಡು ವಾರಕ್ಕಿಂತ ಜಾಸ್ತಿ ನಿಲ್ಲಿಸುವುದಾದರೆ ಕಾಕ್ ಬಂದ್ ಮಾಡಿ, ಗಾಡಿ ತಾನಾಗಿ ಆಫ್ ಆಗುವ ತನಕ ಓಡಲಿ. ಬೌಲ್ ಒಣಗುತ್ತದೆ. ಕಾರ್ಬೊರೇಟರ್ ಬದಲು ಇಂಜೆಕ್ಷನ್ ಇರುವ ಹೊಸ ಗಾಡಿಯಾದರೆ ಸೆನ್ಸರ್ ನೋಡಿ ಪೆಟ್ರೋಲನ್ನು ತಾನೇ ಹೊಂದಿಸಿಕೊಳ್ಳುತ್ತದೆ. ನಿಮ್ಮದಕ್ಕೆ ಆ ಬುದ್ಧಿ ಇಲ್ಲ. ಪಿಕಪ್ ಎಳೆದಾಗ ಅದುರಿದರೆ ಪೆಟ್ರೋಲ್ ಸ್ವಲ್ಪ ಜಾಸ್ತಿ ಹೋಗಲಿ ಅಂತ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕೋಣ.

ಈಗ ಸಿಎನ್‌ಜಿ. ನೀವು ಹೇಳುವ ಬಜಾಜ್ ಫ್ರೀಡಂ 2024ರ ಜುಲೈನಲ್ಲಿ ನಮ್ಮ ಪುಣೆಯಲ್ಲೇ ಬಿಡುಗಡೆಯಾದದ್ದು. ಎರಡು ಕೆಜಿ ಗ್ಯಾಸ್, ಎರಡು ಲೀಟರ್ ಪೆಟ್ರೋಲ್. ದಿನಕ್ಕೆ 50-60 ಕಿಲೋಮೀಟರ್ ಓಡುವವರಿಗೆ ಒಳ್ಳೇದು. ನಿಮ್ಮ ಹಾಗೆ ವಾರಕ್ಕೊಮ್ಮೆ ಮಾರ್ಕೆಟ್‌ಗೆ ಹೋಗುವವರು ರಿಕ್ಷಾಗಳ ಹಿಂದೆ ಕ್ಯೂ ನಿಂತು ಉಳಿಸುವುದೇನು? ಆದರೆ ಗ್ಯಾಸಿನಲ್ಲಿ ಒಂದು ಸುಖ ಇದೆ. ಸಗಣಿ, ಕಬ್ಬಿನ ಪ್ರೆಸ್‌ಮಡ್ (ಹಾಲು ಸೋಸಿದಾಗ ಉಳಿಯುವ ಮಡ್ಡಿ), ಹಸಿ ಕಸದಿಂದ ತೆಗೆದು ಶುದ್ಧ ಮಾಡಿದ ಗ್ಯಾಸೂ ಅದೇ ಮೀಥೇನ್. 2025-26ರಲ್ಲಿ ನೂರಕ್ಕೆ 1 ಪಾಲಿನಿಂದ ಶುರುಮಾಡಿ 2028-29ಕ್ಕೆ 5 ಪಾಲು ಈ ಗ್ಯಾಸನ್ನು ಸಿಎನ್‌ಜಿಗೆ ಸೇರಿಸಬೇಕು ಅಂತ ಸರ್ಕಾರದ ನಿಯಮ. ಅದಕ್ಕಾಗಿ ಗಾಡಿಯ ಒಂದು ವಾಷರೂ ಬದಲಿಸಬೇಕಾಗಿಲ್ಲ.

ಪೂರ್ತಿ ಎಥನಾಲಿನಲ್ಲೂ ಓಡುವ ಫ್ಲೆಕ್ಸ್ ಗಾಡಿಗೆ ಕಾಯಬೇಕಾ ಅಂತ ನಿಮ್ಮ ಪ್ರಶ್ನೆಯ ಕೆಳಗೆ ಯಾರೋ ಕೇಳಿದ್ದಾರೆ. ಬ್ರೆಜಿಲ್‌ನಲ್ಲಿ 2003ರಿಂದ ಇವೆ. ಅಲ್ಲಿಯವರ ಲೆಕ್ಕ ಸುಲಭ: ಎಥನಾಲ್ ದರ ಪೆಟ್ರೋಲ್ ದರದ ನೂರಕ್ಕೆ 70 ಪಾಲಿಗಿಂತ ಕಡಿಮೆ ಇದ್ದರೆ ಎಥನಾಲ್, ಇಲ್ಲದಿದ್ದರೆ ಪೆಟ್ರೋಲ್. ನಮ್ಮಲ್ಲಿ ಪೆಟ್ರೋಲ್ ನೂರು ರೂಪಾಯಿ ಅಂತಿಟ್ಟುಕೊಂಡರೆ ಎಥನಾಲ್ ಎಪ್ಪತ್ತರ ಒಳಗೆ ಸಿಗಬೇಕು. 2024-25ರಲ್ಲಿ ತೈಲ ಕಂಪನಿಗಳು ಗೋವಿನಜೋಳದ (ಮೆಕ್ಕೆಜೋಳದ) ಎಥನಾಲ್ ಕೊಂಡ ದರವೇ ಲೀಟರ್‌ಗೆ 71.86. ಅದರ ಮೇಲೆ ಸಾಗಣೆ, ತೆರಿಗೆ, ಪಂಪಿನವನ ಕಮಿಷನ್. ಕಾಯಬೇಡಿ.

ತಮ್ಮನ ಕಬ್ಬಿನ ವಿಷಯ. ಒಂದು ಟನ್ ಕಬ್ಬು ಅರೆದು ಬಂದ ಹಾಲಿನಿಂದ ನೇರವಾಗಿ ಮಾಡಿದರೆ 70 ಲೀಟರ್ ಎಥನಾಲ್, ಸಕ್ಕರೆ ತೆಗೆದು ಉಳಿದ ಕಾಕಂಬಿಯಿಂದಾದರೆ ಹತ್ತು ಚಿಲ್ಲರೆ. ಆದರೆ ಮಳೆ ಕೈಕೊಟ್ಟ ವರ್ಷ ಸಕ್ಕರೆಗೇ ಮೊದಲ ಪಾಲು. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದಕ್ಕೆ ತಡೆ ಬಿತ್ತು, 2024ರ ಆಗಸ್ಟ್‌ನಲ್ಲಿ ತೆಗೆದರು. ಅಷ್ಟರಲ್ಲಿ ಎಥನಾಲಿಗೆ ಗೋವಿನಜೋಳ ಮುಂದೆ ಹೋಗಿಬಿಟ್ಟಿತ್ತು. ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ಎಫ್‌ಆರ್‌ಪಿ ದರ ಕೂಡ ಸಕ್ಕರೆ ಇಳುವರಿ ನೋಡಿ ಕೊಡುವುದೇ ಹೊರತು ಎಥನಾಲ್ ನೋಡಿ ಅಲ್ಲ. ಬೋರ್ ನೀರು ಸಾಲುವಷ್ಟೇ ಕಬ್ಬು ಹಾಕಲಿ. ಉಳಿದ ಎರಡು ಎಕರೆಗೆ ಗೋವಿನಜೋಳ ಹಾಕಲು ಹೇಳಿ. ಎಥನಾಲಿಗೆ ಹೋಗದಿದ್ದರೆ ಕೋಳಿ ಫಾರಂನವರು ಕೊಳ್ಳುತ್ತಾರೆ.

ಭಾನುವಾರ ಬೆಳಿಗ್ಗೆ ಹತ್ತರ ಒಳಗೆ ಬೈಕ್ ತನ್ನಿ. ಬರುವಾಗ ಟ್ಯಾಂಕ್ ತುಂಬಿಸಬೇಡಿ, ಕಾಕ್ ಬಿಚ್ಚಲು ಪೂರ್ತಿ ಖಾಲಿ ಮಾಡಬೇಕಾಗುತ್ತದೆ.