ತಲೆಗಂದಾಯದ ಸರ್ಟಿಫಿಕೇಟ್ ಇದೆ, ದುಡ್ಡು ಬರುತ್ತಾ?

ಹಿಂದೆ ಕೆನಡಾ ದೇಶಕ್ಕೆ ಬರುವ ಚೀನೀಯರಿಂದ ತಲಾ ಇಷ್ಟು ಎಂದು ವಸೂಲಿ ಮಾಡುತ್ತಿದ್ದ ತಲೆಗಂದಾಯದ ಬಗ್ಗೆ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಒಬ್ಬೊಬ್ಬರಿಗೇ ಉತ್ತರಿಸಿ ಸಾಕಾಗಿದೆ, ಇಲ್ಲಿ ಒಟ್ಟಿಗೆ ಬರೆಯುತ್ತೇನೆ.

ಪ್ರಶ್ನೆ: ಟೊರೊಂಟೊದಲ್ಲಿ ನಮ್ಮ ಪಕ್ಕದ ಮನೆಯವರು ಚೀನೀ ಮೂಲದವರು. ಅವರ ತಾತ 500 ಡಾಲರ್ ಕಟ್ಟಿದ ಸರ್ಟಿಫಿಕೇಟ್ ಇನ್ನೂ ಮನೆಯಲ್ಲಿದೆ. ಸರ್ಕಾರ ಕ್ಷಮೆ ಕೇಳಿದೆಯಲ್ಲ, ಮೊಮ್ಮಗ ಅರ್ಜಿ ಹಾಕಿದರೆ ಪರಿಹಾರ ಸಿಗುತ್ತಾ? ಕೋರ್ಟಿಗೆ ಹೋಗಬಹುದಾ?

ಸಿಗುವುದಿಲ್ಲ. ಕೋರ್ಟಿಗೂ ಹೋಗಬೇಡಿ ಅಂತಲೇ ನಾನು ಹೇಳುವುದು.

2006ರ ಜೂನ್ 22ರಂದು ಪ್ರಧಾನಿ ಸ್ಟೀಫನ್ ಹಾರ್ಪರ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ತಲಾ 20,000 ಡಾಲರ್ ಘೋಷಿಸಿದ್ದು ಯಾರಿಗೆ? ಗಂದಾಯ ಕಟ್ಟಿ ಇನ್ನೂ ಬದುಕಿದ್ದವರಿಗೆ, ಕಟ್ಟಿದವರು ತೀರಿಹೋಗಿದ್ದರೆ ಅವರ ಹೆಂಡತಿಗೆ. ಮಕ್ಕಳಿಗೆ ಇಲ್ಲ, ಮೊಮ್ಮಕ್ಕಳಿಗಂತೂ ಇಲ್ಲವೇ ಇಲ್ಲ. ಆ ಯೋಜನೆ ಮುಚ್ಚಿಯೇ ಎಷ್ಟೋ ವರ್ಷ ಆಯಿತು.

ಕೋರ್ಟಿನ ದಾರಿಯನ್ನೂ ಆಗಲೇ ನೋಡಿದ್ದಾರೆ. 2000ದಲ್ಲಿ ಒಂಟಾರಿಯೊದಲ್ಲಿ ಕೇಸು ಹಾಕಿದವರು ಮೂವರು: ಗಂದಾಯ ಕಟ್ಟಿದ ಒಬ್ಬರು, ಕಟ್ಟಿದವರ ವಿಧವೆ ಒಬ್ಬರು, ಒಬ್ಬ ಮಗ. ಸರ್ಕಾರ ಅನ್ಯಾಯವಾಗಿ ವಸೂಲಿ ಮಾಡಿದ ಹಣ ವಾಪಸ್ ಕೊಡಲಿ ಎಂಬುದು ಅವರ ವಾದ. ಕೋರ್ಟು ಒಪ್ಪಲಿಲ್ಲ. ಆಗ ಅದು ಸಂಸತ್ತು ಮಾಡಿದ ಕಾನೂನೇ ಆಗಿತ್ತು, ಕೆನಡಾದ 1982ರ ಮೂಲಭೂತ ಹಕ್ಕುಗಳ ಸನ್ನದನ್ನು ಹಿಂದಿನ ಕಾಲಕ್ಕೆ ಎಳೆದು ಅನ್ವಯಿಸಲು ಬರುವುದಿಲ್ಲ ಎಂದಿತು. 2002ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. 2003ರಲ್ಲಿ ಸುಪ್ರೀಂ ಕೋರ್ಟು ಕೇಸನ್ನು ಕೇಳಲೇ ಒಪ್ಪಲಿಲ್ಲ. ಅಂದರೆ ಕಾನೂನಿನಲ್ಲಿ ಸೋತವರಿಗೆ ಮೂರು ವರ್ಷದ ಮೇಲೆ ಹಣ ಸಿಕ್ಕಿದ್ದು ರಾಜಕೀಯದ ಒತ್ತಡದಿಂದ. ಇದು ಅರ್ಥವಾಗದೆ ವಕೀಲರ ಮನೆ ಸುತ್ತಿದರೆ ಕೈಯಲ್ಲಿರುವುದೂ ಖರ್ಚಾಗುತ್ತದೆ.

ಒತ್ತಡ ಅಂದರೆ ಏನು ಅಂತ ಸ್ವಲ್ಪ ನೋಡಿ. ರೈಲು ಹಳಿ ಹಾಕಲು ಸಾವಿರಾರು ಚೀನೀ ಕೂಲಿಗಳನ್ನು ದುಡಿಸಿಕೊಂಡ ದೇಶ, ಹಳಿ ಮುಗಿದ 1885ರಲ್ಲೇ ಹೊಸದಾಗಿ ಬರುವ ಚೀನೀಯರ ಮೇಲೆ ತಲಾ 50 ಡಾಲರ್ ಗಂದಾಯ ಹಾಕಿತು. 1900ರಲ್ಲಿ 100, 1903ರಲ್ಲಿ 500. ಅದು ಹೆಚ್ಚುಕಮ್ಮಿ ಎರಡು ವರ್ಷದ ಕೂಲಿ. ಸುಮಾರು 82,000 ಜನರಿಂದ 2.3 ಕೋಟಿ ಡಾಲರ್ ಬಂತು. 1923ರ ಜುಲೈ 1ಕ್ಕೆ ಚೀನೀ ವಲಸಿಗರಿಗೆ ಬಾಗಿಲನ್ನೇ ಹಾಕಿದರು, ತೆಗೆದದ್ದು 1947ರಲ್ಲಿ. ಅಷ್ಟು ವರ್ಷ ಗಂಡ ಕೆನಡಾದಲ್ಲಿ, ಹೆಂಡತಿ ಮಕ್ಕಳು ಚೀನಾದಲ್ಲಿ. ಈ ನಷ್ಟವನ್ನು ಯಾವ ಲೆಕ್ಕಕ್ಕೂ ಹಿಡಿಯಲಿಲ್ಲ.

1980ರ ದಶಕದ ಮೊದಲಲ್ಲಿ ವ್ಯಾಂಕೂವರಿನ ವೃದ್ಧರು ತಮ್ಮ ಎಂಪಿ ಮಾರ್ಗರೆಟ್ ಮಿಚೆಲ್ ಬಳಿ ಹೋಗಿ ಹಣ ವಾಪಸ್ ಕೊಡಿಸಿ ಎಂದು ಕೇಳಿದರು. 4,000ಕ್ಕೂ ಜಾಸ್ತಿ ಜನ ಹೆಸರು ಬರೆಸಿದರು. ಎರಡನೇ ಮಹಾಯುದ್ಧದಲ್ಲಿ ಶಿಬಿರಕ್ಕೆ ತಳ್ಳಿದ್ದಕ್ಕಾಗಿ 1988ರಲ್ಲಿ ಜಪಾನೀ ಕೆನಡಿಯನ್ನರಿಗೆ ತಲಾ 21,000 ಡಾಲರ್ ಸಿಕ್ಕಾಗ ಇವರಿಗೂ ಆಸೆ ಹುಟ್ಟಿತು, 1994ರಲ್ಲಿ ಸರ್ಕಾರ ಆಗಲ್ಲ ಎಂದುಬಿಟ್ಟಿತು. 2005ರಲ್ಲಿ ಕ್ಷಮೆಯೂ ಇಲ್ಲದೆ, ಸಂತ್ರಸ್ತರ ಕೈಗೆ ಕಾಸೂ ಇಲ್ಲದೆ, ಸ್ಮರಣೆಯ ಕೆಲಸಕ್ಕೆಂದು 25 ಲಕ್ಷ ಡಾಲರ್ ಕೊಡುವ ಒಪ್ಪಂದ ಮಾಡಿಕೊಂಡಿತು. ಜನ ಕೆರಳಿದರು. ಅದೇ ವರ್ಷ ಎಂಬತ್ತು ದಾಟಿದ ಗಿಮ್ ವಾಂಗ್ ಎಂಬ ಮಾಜಿ ಸೈನಿಕರು ಇದೇ ಬೇಡಿಕೆ ಇಟ್ಟುಕೊಂಡು ವಿಕ್ಟೋರಿಯಾದಿಂದ ರಾಜಧಾನಿ ಒಟ್ಟಾವಾಗೆ ಬೈಕಿನಲ್ಲಿ ಹೋದರು. ಮುಂದಿನ ಜನವರಿಯಲ್ಲಿ ಚುನಾವಣೆ ನಡೆದು ಸರ್ಕಾರವೂ ಬದಲಾಯಿತು. ಅಷ್ಟರಲ್ಲಿ ಎಷ್ಟೋ ಜನ ಕಾದು ಕಾದು ಸತ್ತುಹೋಗಿದ್ದರು. ಕೊನೆಗೆ ಹಣ ಪಡೆದವರು ಒಂದು ಸಾವಿರವೂ ಇಲ್ಲ. ನನಗೆ ಸಿಟ್ಟು ಬರುವುದೇ ಇಲ್ಲಿ: ತಡ ಮಾಡಿದಷ್ಟೂ ಸರ್ಕಾರಕ್ಕೆ ಲಾಭ ಆಯಿತು.

ಹಾಗಾಗಿ ನಿಮ್ಮ ಪಕ್ಕದ ಮನೆಯವರು ಸರ್ಟಿಫಿಕೇಟನ್ನು ಲ್ಯಾಮಿನೇಟ್ ಮಾಡಿಸದೆ ಹಾಗೇ ಜೋಪಾನವಾಗಿಡಲಿ, ಸ್ಕ್ಯಾನ್ ಮಾಡಿಕೊಳ್ಳಲಿ. ಕೆನಡಾದ ರಾಷ್ಟ್ರೀಯ ಪತ್ರಾಗಾರದಲ್ಲಿ ಚೀನೀ ವಲಸಿಗರ ನೋಂದಣಿ ಪುಸ್ತಕಗಳಿವೆ, ಆನ್‌ಲೈನ್‌ನಲ್ಲೇ ಹುಡುಕಬಹುದು, ತಾತನ ಹೆಸರು ಅಲ್ಲಿ ತಾಳೆಯಾಗುತ್ತಾ ನೋಡಲಿ. ಆಮೇಲೆ, ಒಂದು ಸರ್ಟಿಫಿಕೇಟಿಗೆ ಒಂದು ಪರಿಹಾರ ಎಂದು ಮಕ್ಕಳು ಮೊಮ್ಮಕ್ಕಳು ಇಟ್ಟ ಬೇಡಿಕೆಯೊಂದಿದೆ, ಅದಕ್ಕೆ ದನಿ ಸೇರಿಸಿ ತಮ್ಮ ಎಂಪಿಗೆ ಬರೆಯಲಿ. ನ್ಯಾಯವಾದ ಬೇಡಿಕೆ ಅದು. ಬೇಗ ಆಗುತ್ತದೆ ಅಂತ ಮಾತ್ರ ನಾನು ಹೇಳುವುದಿಲ್ಲ.

ಪ್ರಶ್ನೆ: ಎಲ್ಲ ವಲಸಿಗರೂ ಫೀಸು ಕಟ್ಟುತ್ತಿದ್ದರು ಅಲ್ವಾ?

ಇಲ್ಲ. ಈ ಗಂದಾಯ ಚೀನೀಯರಿಗೆ ಮಾತ್ರ. ಎಲ್ಲರೂ ಕಟ್ಟುತ್ತಿದ್ದರು ಎಂಬ ಮಾತನ್ನು ದಯವಿಟ್ಟು ಹಬ್ಬಿಸಬೇಡಿ.

ಪ್ರಶ್ನೆ: ಅಮೆರಿಕವೂ ಪರಿಹಾರ ಕೊಟ್ಟಿತಂತೆ?

ಒಂದು ಡಾಲರೂ ಕೊಟ್ಟಿಲ್ಲ. ಚೀನೀ ಕೂಲಿಗಳ ವಲಸೆ ತಡೆದ 1882ರ ನಿಷೇಧ ಕಾನೂನಿಗೆ 2011ರಲ್ಲಿ ಸೆನೆಟ್, 2012ರಲ್ಲಿ ಕೆಳಮನೆ ವಿಷಾದ ಸೂಚಿಸಿದವು, ಅಷ್ಟೇ. ನ್ಯೂಜಿಲೆಂಡ್ ತಾನೂ ಚೀನೀಯರ ಮೇಲೆ ಹಾಕಿದ್ದ ತಲೆಗಂದಾಯಕ್ಕೆ 2002ರಲ್ಲಿ ಕ್ಷಮೆ ಕೇಳಿ ಆಮೇಲೆ ಒಂದು ಟ್ರಸ್ಟಿಗೆ ದುಡ್ಡು ಕೊಟ್ಟಿತು, ಮನೆಮನೆಗೆ ಅಲ್ಲ.

ಪ್ರಶ್ನೆ: ಇದೆಲ್ಲ ಅವರ ದೇಶದ ಕಥೆ, ಬೆಂಗಳೂರಿನಲ್ಲಿ ಕೂತ ನಮಗೇನು?

1962ರ ಚೀನಾ ಯುದ್ಧದ ಹೊತ್ತಿನಲ್ಲಿ ಅಸ್ಸಾಂ, ಶಿಲ್ಲಾಂಗ್ ಕಡೆಯ ಸುಮಾರು 3,000 ಚೀನೀ ಮೂಲದವರನ್ನು, ಮಕ್ಕಳು ಮುದುಕರು ಅಂತ ನೋಡದೆ, ವಿಚಾರಣೆಯೂ ಇಲ್ಲದೆ ರಾಜಸ್ಥಾನದ ದೇವಳಿ ಶಿಬಿರಕ್ಕೆ ತುಂಬಿದ್ದು ನಮ್ಮದೇ ಸರ್ಕಾರ. ಕೆಲವರು ವರ್ಷಗಟ್ಟಲೆ ಅಲ್ಲೇ ಇದ್ದರು. ಎಷ್ಟೋ ಜನ ಆಮೇಲೆ ಇದೇ ಟೊರೊಂಟೊಗೆ ಬಂದರು. ಭಾರತ ಇನ್ನೂ ಕ್ಷಮೆ ಕೇಳಿಲ್ಲ. ಆಗ ಮಕ್ಕಳಾಗಿದ್ದವರಿಗೇ ಈಗ ಎಪ್ಪತ್ತರ ಆಸುಪಾಸು. ಕಾಗದಪತ್ರ ಒಟ್ಟುಮಾಡುವುದು, ಅವರ ಮಾತು ದಾಖಲಿಸುವುದು ಇವತ್ತೇ ಆಗಬೇಕು.

ಪ್ರಶ್ನೆ: ಪರಿಹಾರ ಕೊಡಿಸುತ್ತೇವೆ ಎಂದು ಒಬ್ಬರು ಅಡ್ವಾನ್ಸ್ ಮತ್ತು ಒರಿಜಿನಲ್ ಸರ್ಟಿಫಿಕೇಟ್ ಕೇಳುತ್ತಿದ್ದಾರೆ, ಕೊಡಲಾ?

ಎರಡನ್ನೂ ಕೊಡಬೇಡಿ. ಕೊಟ್ಟಾಗಿದ್ದರೆ ಮೊದಲು ಸರ್ಟಿಫಿಕೇಟ್ ವಾಪಸ್ ಇಸಿದುಕೊಳ್ಳಿ, ಆಮೇಲೆ ಪೊಲೀಸರಿಗೆ ದೂರು ಕೊಡಿ.