ಕೆಡಿಸಿದವರಿಗೇ ದುಡ್ಡೇ?

ತುಮಕೂರಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: 'ಮಗಳ ಮನೆಗೆಂದು ಇಂಗ್ಲೆಂಡಿನ ಡಾರ್ಚೆಸ್ಟರ್‌ಗೆ ಹೋಗಿದ್ದೆ. ಅಲ್ಲಿಯ ಫ್ರೂಮ್ ನದಿಯ ನೀರು ಎಷ್ಟು ತಿಳಿ ಎಂದರೆ ತಳದ ನುರುಜುಗಲ್ಲು ಎಣಿಸಬಹುದು. ಅದನ್ನು ಉಳಿಸಲು ನೀರಿನ ಕಂಪನಿಯೇ ರೈತರಿಗೆ ದುಡ್ಡು ಕೊಡುತ್ತದಂತೆ. ಗೊಬ್ಬರ ಸುರಿದು ಕೆಡಿಸಿದವರಿಗೇ ಬಹುಮಾನವೆ? ದಂಡ ಹಾಕಬೇಡವೆ?'

ಮೇಷ್ಟ್ರೇ, ನದಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರುವವರೇ ಹೆಚ್ಚು. ನೀವು ದುಡ್ಡಿನ ಲೆಕ್ಕ ಕೇಳಿದಿರಿ, ಸಂತೋಷ. ಆದರೆ ಬೆತ್ತವನ್ನು ತುಸು ಬೇಗ ಎತ್ತಿದಿರಿ.

ಹೊಲಗಳಿಂದ ಬಸಿದ ನೈಟ್ರೇಟು, ಅಂದರೆ ಗೊಬ್ಬರದ ನೈಟ್ರೋಜನ್ ಅಂಶ, ಫ್ರೂಮ್ ಹೋಗಿ ಬೀಳುವ ಪೂಲ್ ಬಂದರಿನ ಕೊಲ್ಲಿ ಸೇರಿ ಕೆಸರಿನ ಮೇಲೆ ಪಾಚಿ ಹಾಸುತ್ತಿರುವುದು ನಿಜ. ಕಾನೂನು ಮುರಿದವರಿಗೆ ದಂಡ ಬೀಳಲಿ, ಬೇಡ ಎಂದವರಾರು?

ಆದರೆ ನೀವು ಕಂಡದ್ದು ಸೀಮೆಸುಣ್ಣದ ಗುಡ್ಡಗಳ ಒಡಲಿಂದ ಬಂದ ನೀರು. ಮಳೆ ಬಂಡೆಯೊಳಗೆ ಇಂಗಿ, ಒರತೆಯಾಗಿ ಹೊಮ್ಮುತ್ತದೆ. ಅದಕ್ಕೇ ಆ ತಿಳಿ, ವರ್ಷವಿಡೀ ಹತ್ತಿರಹತ್ತಿರ 10 ಡಿಗ್ರಿಯ ಆ ತಂಪು. ಇಂಥ ನದಿಗಳು ಜಗತ್ತಿನಲ್ಲೇ ಇನ್ನೂರು ಚಿಲ್ಲರೆ, ಬಹುಪಾಲು ಇಂಗ್ಲೆಂಡಿನಲ್ಲಿ. ಆ ಬಂಡೆಯೊಳಗೆ ನೀರು ಕೆಳಕ್ಕೆ ಇಂಗುವುದು ವರ್ಷಕ್ಕೆ ಸುಮಾರು ಒಂದು ಮೀಟರ್ ಅಷ್ಟೇ. ಎಂದರೆ ಇಂದು ಒರತೆಯಲ್ಲಿ ಬರುವ ನೈಟ್ರೇಟಿನಲ್ಲಿ ದಶಕಗಳ ಹಿಂದಿನ ಗೊಬ್ಬರದ್ದೂ ಪಾಲಿದೆ. ಅಜ್ಜನ ಸಾಲಕ್ಕೆ ಮೊಮ್ಮಗನ ಮನೆ ಜಪ್ತಿ ಮಾಡುತ್ತೀರಾ? ಅಜ್ಜನಾದರೂ ಸುಮ್ಮನೆ ಸುರಿಯಲಿಲ್ಲ. ಯುದ್ಧ ಮುಗಿದು ರೇಷನ್ ಇನ್ನೂ ನಡೆಯುತ್ತಿದ್ದ ಕಾಲ. 1947ರ ಕೃಷಿ ಕಾಯ್ದೆ ತಂದು, ಬೆಲೆಯ ಖಾತರಿ ಕೊಟ್ಟು, ಹೆಚ್ಚು ಬೆಳೆ ಎಂದು ಬೆನ್ನು ತಟ್ಟಿದ್ದು ಸರ್ಕಾರವೇ.

ಇನ್ನು ದುಡ್ಡಿನ ಮಾತು. ನೀವು ಹೇಳಿದ ನೀರಿನ ಕಂಪನಿ, ವೆಸೆಕ್ಸ್ ವಾಟರ್, ನೀರಿನಿಂದ ನೈಟ್ರೇಟು ತೆಗೆಯುವ ಯಂತ್ರಗಳನ್ನೇ ನಂಬಿ ಕೂರದೆ, ಹೊಲಕ್ಕೇ ಸಲಹೆಗಾರರನ್ನು ಕಳಿಸಿತು. ಆಮೇಲೆ ಆನ್‌ಲೈನ್ ಹರಾಜು ನಡೆಸಿತು: ಕೊಯ್ಲಾದ ಹೊಲವನ್ನು ಚಳಿಗಾಲದ ಮಳೆಗೆ ಬೋಳಾಗಿ ಬಿಡದೆ ಹೊದಿಕೆ ಬೆಳೆ ಬಿತ್ತುವುದಕ್ಕೆ ಎಷ್ಟು ಕೊಡಬೇಕು ಎಂದು ರೈತರೇ ಕೂಗಬೇಕು, ಕಡಿಮೆ ಹಣಕ್ಕೆ ಹೆಚ್ಚು ನೈಟ್ರೋಜನ್ ಹಿಡಿದಿಡುವವರಿಗೆ ಕೆಲಸ. ಸಾಸಿವೆ, ಮೂಲಂಗಿ ಜಾತಿಯ ಬೆಳೆಗಳು ಮಣ್ಣಿನಲ್ಲಿ ಉಳಿದದ್ದನ್ನು ಹೀರಿಕೊಳ್ಳುತ್ತವೆ. ಇದರಲ್ಲಿ ಬಹುಮಾನ ಎಲ್ಲಿದೆ, ಮೇಷ್ಟ್ರೇ? ಬೀಜಕ್ಕೆ, ಡೀಸೆಲ್‌ಗೆ, ಮೈಮುರಿತಕ್ಕೆ ಕೂಲಿ.

ಕೊಳಚೆಯ ಸುದ್ದಿಯನ್ನೂ ಕೇಳಿ. ಪಕ್ಕದ ಸೀಮೆಯ ನೀರಿನ ಕಂಪನಿ ಸದರ್ನ್ ವಾಟರ್‌ಗೆ 2021ರಲ್ಲಿ 9 ಕೋಟಿ ಪೌಂಡ್ ದಂಡ ಬಿತ್ತು, ಕರಾವಳಿಗೆ ಸಂಸ್ಕರಿಸದ ಕೊಳಚೆ ಬಿಟ್ಟದ್ದಕ್ಕೆ. ಶೌಚದ ಚೈನು ಎಳೆದ ಊರಿನವರು ಮಾತ್ರ ನದಿಪ್ರೇಮಿಗಳು! ಪರಿಸರದ ವಿಚಾರ ಸಂಕಿರಣಗಳಿಗೆ ನನ್ನನ್ನೂ ಕರೆಯುತ್ತಾರೆ. ರೈತ ವೇದಿಕೆ ಹತ್ತುವುದು ಸನ್ಮಾನದ ಹೊತ್ತಿಗೆ: ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಫೋಟೊ. ಮೈಕು ಮಾತ್ರ ಅವನ ಕೈಗೆ ಬರುವುದಿಲ್ಲ. ಹೊಳೆಯ ದಡದಲ್ಲಿ ಹೊಲ ಇರುವವನನ್ನು ಕೇಳದೆ ಹೊಳೆಯ ಬಗ್ಗೆ ನಿರ್ಣಯ ಅಂಗೀಕಾರವಾಗಿಬಿಡುತ್ತದೆ.

ಮುಂದಿನ ಸಲ ಬೇಸಿಗೆ ಬಿಟ್ಟು ನವೆಂಬರಿನಲ್ಲಿ ಹೋಗಿ. ಕೊಯ್ದ ಹೊಲಗಳಲ್ಲಿ ಎಷ್ಟು ಬೋಳು, ಎಷ್ಟು ಹಸಿರು ನೋಡಿ. ರೈತ ಸಿಕ್ಕರೆ ದಂಡದ ಪ್ರಶ್ನೆಯನ್ನು ಅವನನ್ನೇ ಕೇಳಿ. ಅವನ ಉತ್ತರ ಬರೆದು ಕಳಿಸಿ, ಎರಡು ಪುಟ ನಿಮಗೆ ಮೀಸಲು.

-ಸಂ.